ಕರೆದರೆ ಬರಬೇಕಾದ ವಿಮಾನ

ನಮ್ಮ ಮನೆಯವರ ವಿಮಾನದ ಸುದ್ದಿ ಕೊಪ್ಪಳದಲ್ಲಿ ಬಹಳ ದಿನ ಓಡಾಡಿತು. ಹೇಳಿದವರೆಲ್ಲ ನಗಿಸುವಂತೆ ಹೇಳಿದರು, ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಆ ವರ್ಷ ನಾನು ಎಷ್ಟು ದಣಿದಿದ್ದೆ ಅನ್ನುವುದನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳಲು ನನಗೆ ಪುರುಸೊತ್ತು ಎಲ್ಲಿತ್ತು? ಈಗ ಕೈಕಾಲು ಸೋತು ಕೂತಿದ್ದೇನೆ. ಬಾಯಿಗಾದರೂ ಒಂದು ಕೆಲಸ ಬೇಕಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ತವರು ಯಲಬುರ್ಗಾ. ಕೊಪ್ಪಳದ ಒಂದು ಕಿರಾಣಿ ಅಂಗಡಿಯ ಮನೆಗೆ ನನ್ನನ್ನು ಕೊಟ್ಟರು. ಅತ್ತೆ, ಮಾವ, ಒಬ್ಬನೇ ಮಗ. ಛಲೋ ಮನೆತನ, ಉಣ್ಣಲು ಉಡಲು ಕಡಿಮೆಯಿಲ್ಲ ಎಂದು ನಮ್ಮಪ್ಪ ಹಿಗ್ಗಿದ್ದ. ಮೈಮೇಲಿನ ಅರಿಷಿಣ ಆರುವುದರೊಳಗೆ ಆ ಒಬ್ಬನೇ ಮಗ ಫೌಜಿಗೆ ಹೋಗಿಬಿಟ್ಟರು. ಬಂದೂಕು ಹಿಡಿಯಲು ಅಲ್ಲ. ತಂತಿಯಿಲ್ಲದೆ ಸುದ್ದಿ ಕಳಿಸುವ ಯಂತ್ರವಿತ್ತಂತೆ, ವೈರ್‌ಲೆಸ್ಸು ಅನ್ನುತ್ತಿದ್ದರು, ಅದನ್ನು ನಡೆಸುವ ತುಕಡಿಗೆ. ಯಾಕೆ ಹೋದರು ಎಂದರೆ ದೇಶವೂ ಅಲ್ಲ, ದೊರೆಯೂ ಅಲ್ಲ. ಬೆಲ್ಲ ಬೇಳೆ ತೂಗುತ್ತ ಅಂಗಡಿಯಲ್ಲಿ ಕೂಡುವುದು ಅವರಿಗೆ ಬೇಡವಾಗಿತ್ತು, ಅಷ್ಟೇ.

ಬರ್ಮಾದ ಕಡೆ ಇದ್ದಾರೆ ಎಂದು ಗೊತ್ತಿತ್ತು. ಯುದ್ಧ ಮುಗಿದ ಮೇಲೆ ಒಂದು ದಿನ ಬಂದರು. ಅತ್ತೆ ಆರತಿ ಮಾಡಿದರು, ಓಣಿಗೆಲ್ಲ ಸಕ್ಕರೆ ಹಂಚಿದರು. ಆಮೇಲೆ ನಿಧಾನವಾಗಿ ಗೊತ್ತಾಯಿತು, ಈ ಮನುಷ್ಯ ಕೂತರೆ ಏಳುವುದಿಲ್ಲ, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. ಕರೆದರೆ ಊಟಕ್ಕೆ ಬರುತ್ತಾರೆ, ಕರೆಯದಿದ್ದರೆ ಇಲ್ಲ. ಹೂಂ, ಹಾಂ, ಎರಡೇ ಮಾತು. ಗಂಡ ಬಯ್ದರೆ ಹೆಂಗಸು ಅಳಬಹುದು, ಹೊಡೆದರೆ ತವರಿಗೆ ಹೋಗಬಹುದು. ಏನೂ ಅನ್ನದಿದ್ದರೆ ಏನು ಮಾಡಬೇಕು? ಅತ್ತೆ ತಾಯತ ಕಟ್ಟಿಸಿದರು, ವಿಭೂತಿ ಮಂತ್ರಿಸಿ ತಂದರು. ಮಾವ ಮಾತ್ರ ಅಂಗಡಿಯ ಗದ್ದಿಗೆಯ ಮೇಲೆ ಕೂತು ಗೊಣಗುತ್ತಿದ್ದರು. "ಹುಚ್ಚು ಬಿಡೋತನಕ ಮದವಿ ಆಗಂಗಿಲ್ಲ, ಮದವಿ ಆಗೋತನಕ ಹುಚ್ಚು ಬಿಡಂಗಿಲ್ಲ ಅಂತಾರ. ಇಂವಗ ಮದವೀನೂ ಆಗೇತಿ, ಹುಚ್ಚೂ ಬಿಡವಲ್ದು."

ಹೀಗಿರುವಾಗ ಒಮ್ಮೆ ಹುಬ್ಬಳ್ಳಿಗೆ ಹೋಗಿ ಬಂದರು. ಬರುವಾಗ ಒಂದು ಗೋಣಿಚೀಲ. ಫೌಜಿನವರು ಮಾರಿಹಾಕಿದ ಗುಜರಿ ಸಾಮಾನು: ತಂತಿ ಸುರುಳಿ, ಗಾಜಿನ ಬುಡ್ಡಿ, ಏನೇನೋ ಕಬ್ಬಿಣದ ಚೂರು. ಅವನ್ನೆಲ್ಲ ಹಿತ್ತಲಿನ ಕಟ್ಟೆಯ ಮೇಲೆ ಸುರಿದು ನನ್ನನ್ನು ಕರೆದರು. ತಾವಾಗಿ ಕರೆದದ್ದು.

"ಇಲ್ನೋಡ. ಇದರಾಗ ಒಂದು ವಿಮಾನ ಮಾಡ್ತೀನಿ. ದಾರ ಇಲ್ಲ, ಹಗ್ಗ ಇಲ್ಲ. ನಾ ಇಲ್ಲಿ ನಿಂತು ಗುಂಡಿ ಒತ್ತಿದ್ರ ಅದು ಮ್ಯಾಲ ತಿರಗತೈತಿ. ಕರದ್ರ ಬರ್ತೈತಿ."

"ಕರದ್ರ ನಮ್ಮ ಓಣಿ ನಾಯೀನೂ ಬರ್ತೈತ್ರಿ" ಎಂದೆ. "ನೀವು ಊಟಕ್ಕ ಯಾಕ ಬರಂಗಿಲ್ಲ?"

ನಕ್ಕರು. ಆ ನಗೆಯನ್ನು ನಾನು ಮರೆತೇಬಿಟ್ಟಿದ್ದೆ. ಹೋಗಲಿ ಬಿಡು, ವಿಮಾನವನ್ನಾದರೂ ಮಾಡಲಿ, ಕುದುರೆಯನ್ನಾದರೂ ಮಾಡಲಿ, ಮನುಷ್ಯ ಮಾತಾಡಿದರೆ ಸಾಕು ಅಂದುಕೊಂಡೆ.

ಮೇದಾರರ ಓಣಿಯಿಂದ ಬಿದಿರಿನ ಸೀಳು ಬಂತು. ರೆಕ್ಕೆಗೆ ಪಟದ ಕಾಗದ, ಅಂಟಿಸಲು ಹುಣಸೆ ಬೀಜದ ಸರಿ. ಕಂಬಳಿ ನೇಯುವವರು ಬಿರುಸು ಬರಲೆಂದು ಹಚ್ಚುವುದು ಅದನ್ನೇ. ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು, ಕುದಿಸುವುದು ನನ್ನ ಪಾಲಿಗೆ ಬಂತು. ಮನೆಯ ಕೆಲಸ ಮುಗಿಸಿ ಕೂತು ಅರೆಯುತ್ತಿದ್ದರೆ ರಟ್ಟೆ ಬಿದ್ದುಹೋಗುತ್ತಿತ್ತು. ವಿಮಾನ ಅಂದರೆ ಭಾರೀ ಏನೋ ಅಂದುಕೊಳ್ಳಬೇಡಿ. ಎರಡು ರೆಕ್ಕೆ ಚಾಚಿದರೆ ಮಲಗುವ ಹೊರಸಿನ ಉದ್ದ. ಒಳಗೆ ಯಂತ್ರವೂ ಇಲ್ಲ, ಎಣ್ಣೆಯೂ ಇಲ್ಲ. ಹದ್ದು ಹೇಗೆ ಗುಡ್ಡದ ಗಾಳಿಗೆ ರೆಕ್ಕೆ ಬಡಿಯದೆ ತೇಲುತ್ತದೋ ಹಾಗೆ ತೇಲಬೇಕು. ಹೊಟ್ಟೆಯಲ್ಲಿ ಒಂದು ಚಿಕ್ಕ ಪೆಟ್ಟಿಗೆ, ಅದಕ್ಕೊಂದಿಷ್ಟು ಬ್ಯಾಟರಿ ಸೆಲ್ಲು. ಇವರ ಕೈಯಲ್ಲಿ ಇನ್ನೊಂದು ಪೆಟ್ಟಿಗೆ. ಗುಂಡಿ ಒತ್ತಿದರೆ ಬಾಲದ ಹಲಗೆ ಬಲಕ್ಕೆ ಹೊರಳುತ್ತದೆ, ಬಿಟ್ಟರೆ ನೇರ, ಮತ್ತೆ ಒತ್ತಿದರೆ ಎಡಕ್ಕೆ. ಇಷ್ಟೇ ವಿದ್ಯೆ.

ಮಾವನಿಗೆ ಹೆದರಿಕೆ. ನಿಜಾಮರ ಸರಕಾರದಲ್ಲಿ ವೈರ್‌ಲೆಸ್ಸು ಇಟ್ಟುಕೊಳ್ಳುವುದು ಆಟವೇ? "ಅಮೀನರ ಕಿವಿಗೆ ಬಿದ್ರ ಅಂಗಡಿಗೆ ಕೀಲಿ ಜಡೀತಾರ" ಎಂದು ಮಾವ ಮೆತ್ತಗೆ ಹೇಳುತ್ತಿದ್ದರು. ಅಮೀನರೆಂದರೆ ಆಗಿನ ಪೊಲೀಸ್ ಫೌಜದಾರರು. ಕೇಳಿದವರಿಗೆಲ್ಲ ನಾವು ಇದು ಬರ್ಮಾ ದೇಶದ ಗಾಳಿಪಟ ಅಂತಲೇ ಹೇಳಿದೆವು. ನಂಬಿದರು. ಕಾರಹುಣ್ಣಿಮೆ ಹತ್ತಿರ ಬಂದಿತ್ತು. ನಮ್ಮ ಕಡೆ ಆ ಗಾಳಿಗೆ ದೊಡ್ಡವರೂ ಪಟ ಹಾರಿಸುತ್ತಾರೆ.

ಒಂದು ಸಂಜೆ ವಿಮಾನವನ್ನು ನನ್ನ ತೊಡೆಯ ಮೇಲಿಟ್ಟು, "ಅಲುಗಬ್ಯಾಡ" ಎಂದು ಹೇಳಿ ಇವರು ಓಣಿಯ ಆಚೆಗಿನ ಬಾವಿಯ ತನಕ ಹೋದರು. ನಾನು ಕಾದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಗ ಟಕ್ ಅಂತು. ಬಾಲ ಹೊರಳಿತು. ಮತ್ತೆ ಟಕ್. ಕಣ್ಣಿಗೆ ಕಾಣದ ಕಡೆ ನನ್ನ ಗಂಡ ನಿಂತಿದ್ದಾರೆ, ಅವರ ಬೆರಳು ಇಲ್ಲಿ ನನ್ನ ತೊಡೆಯ ಮೇಲೆ ತಿಳಿಯುತ್ತಿದೆ. ನನಗೆ ಎಷ್ಟು ಖುಷಿಯಾಯಿತೆಂದರೆ ಕಣ್ಣಲ್ಲಿ ನೀರು ಬಂತು. "ಏನಾತ? ಕೈಗೇನರ ಬಡೀತ?" ಎಂದು ಅತ್ತೆ ಓಡಿ ಬಂದರು.

ಆ ರಾತ್ರಿ ಊಟಕ್ಕೆ ಕೂತಾಗ ಮಾವ ಕೇಳಿಯೇ ಬಿಟ್ಟರು. "ಆಟ ಆತು. ನನ್ನ ಕಣ್ಣು ಮಂಜಾಗ್ಯಾವ. ತಕ್ಕಡಿ ಮುಳ್ಳು ಕಾಣವಲ್ದು. ಅಂಗಡ್ಯಾಗ ಯಾವಾಗ ಕೂಡಾಂವ?"

ಇವರು ತುತ್ತು ಕೆಳಗಿಟ್ಟು ಹೇಳಿದರು. "ಒಂದ ಸಲ, ಅಪ್ಪಾ. ಗುಡ್ಡದಿಂದ ಬಿಡ್ತೀನಿ. ನಾ ಕರದಾಗ ತಿರುಗಿ ಬಂದು ನನ್ನ ಕಾಲ ಬುಡಕ ಇಳೀಲಿ. ಮರುದಿನದಿಂದ ಅಂಗಡ್ಯಾಗ ಕೂಡ್ತೀನಿ. ಮತ್ತ ಎಲ್ಲೂ ಹೋಗಂಗಿಲ್ಲ."

ಮತ್ತೆ ಎಲ್ಲೂ ಹೋಗುವುದಿಲ್ಲ. ಆ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡೆ. ನನಗೆ ಅಂಗಡಿ ಬೇಕಿರಲಿಲ್ಲ, ಬಂಗಾರ ಬೇಕಿರಲಿಲ್ಲ. ಗಂಡ ಮನೆಯಲ್ಲಿರಬೇಕು, ಇದ್ದಲ್ಲಿ ಇರಬೇಕು. ಅದಕ್ಕೆ ಒಂದು ಕಾಗದದ ವಿಮಾನ ತಿರುಗಿ ಬರಬೇಕಾಗಿದ್ದರೆ ಬರಲಿ ಎಂದು ಬೇಡಿಕೊಂಡೆ. ಯಾವ ಹೆಂಗಸಾದರೂ ದೇವರಲ್ಲಿ ಇಂಥದ್ದನ್ನು ಬೇಡಿದ್ದಾಳೋ ಇಲ್ಲವೋ!

ಇನ್ನು ಸೆಲ್ಲಿನ ಸಂಗತಿ. ಇವರು ಬಾವಿಯ ಹತ್ತಿರ ಹೋಗುವುದು, ಊರ ಅಗಸಿ ಬಾಗಿಲ ಹತ್ತಿರ ಹೋಗುವುದು, ಟಕ್ ಟಕ್ ಅನ್ನಿಸುವುದು, ಇದರಲ್ಲೇ ಸೆಲ್ಲುಗಳು ಸೋತವು. ಹೊಸವು ತರೋಣ ಎಂದರೆ ಯುದ್ಧ ಮುಗಿದಿದ್ದರೂ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಆದರೆ ನಮ್ಮ ಮಂದಿಗೆ ಸೆಲ್ಲು ಸತ್ತಿತು ಅನ್ನುವುದೇ ಗೊತ್ತಿಲ್ಲವಲ್ಲ. ಕೈಬ್ಯಾಟರಿ ಮಂಕಾದರೆ ಸೆಲ್ಲು ತೆಗೆದು ಮಾಳಿಗೆಯ ಮೇಲೆ ಸಂಡಿಗೆಯ ಸಾಲಿನಲ್ಲಿ ಒಣಗಿಸುತ್ತೇವೆ. ಸಂಜೆ ಹಾಕಿದರೆ ಮತ್ತೆ ಝಗ್ ಅಂತ ಹತ್ತುತ್ತದೆ. ಎಲ್ಲರ ಮನೆಯಲ್ಲೂ ಹಾಗೆಯೇ. ಫೌಜಿನಲ್ಲಿ ಅಷ್ಟು ವಿದ್ಯೆ ಕಲಿತು ಬಂದವರು ಮನೆಯ ಹೊಸ್ತಿಲು ದಾಟಿದ ಮೇಲೆ ಅಪ್ಪಟ ಕೊಪ್ಪಳದವರೇ ಆಗಿಬಿಟ್ಟಿದ್ದರು. "ಒಣಗಿಸಿದ್ರ ಆತು" ಎಂದರು. ಆದರೆ ಮಳೆಗಾಲದ ಮೋಡ, ಬಿಸಿಲು ಎಲ್ಲಿಂದ ಬರಬೇಕು? ಕೊನೆಗೆ ಅವರೇ ಒಲೆಯ ಮಗ್ಗುಲಿಗೆ ಸಾಲಾಗಿ ನಿಲ್ಲಿಸಿದರು. ನಾನು ರೊಟ್ಟಿ ಬಡಿಯುವಾಗ ಅವು ಬೆಚ್ಚಗೆ ಕೂತಿದ್ದವು. ಬೆಳಿಗ್ಗೆ ಪೆಟ್ಟಿಗೆಗೆ ಹಾಕಿದರೆ ಟಕ್ ಅಂತ ಬಾಲ ಹೊರಳಿತು. "ನೋಡಿದ್ಯಾ?" ಎಂದು ನನ್ನ ಕಡೆ ನೋಡಿದರು. ನಾನೂ ಹಿಗ್ಗಿದೆ.

ಊರ ಪಡುವಲಕ್ಕೆ ಗುಡ್ಡ. ಗಾಳಿ ಆ ಕಡೆಯಿಂದಲೇ ಬಂದು ಬಂಡೆಗೆ ಬಡಿದು ಮೇಲೇಳುತ್ತದೆ. ನಾನು, ಅತ್ತೆ, ಇವರು ಹತ್ತಿದೆವು. ಮಾವ ಅಂಗಡಿ ಬಿಟ್ಟು ಬರಲಿಲ್ಲ. ಅತ್ತೆ ಕಾಯಿ ಒಡೆದು, ವಿಮಾನದ ಮೂತಿಗೆ ನಿಂಬೆಹಣ್ಣು ಕಟ್ಟಲೇಬೇಕು ಎಂದು ಹಟ ಹಿಡಿದರು. ಬೇಡ ಅನ್ನುತ್ತಾರೇನೋ ಎಂದು ನಾನು ನೋಡಿದರೆ ಇವರು ವಿಮಾನವನ್ನು ಎರಡು ಬೆರಳಿನ ಮೇಲೆ ತೂಗಿ ನೋಡಿ, "ಮೂತಿ ಹಗರ ಇತ್ತವ್ವಾ, ಛಲೋ ಆತು" ಎಂದರು. ಅತ್ತೆಯ ಮುಖ ನೋಡಬೇಕಿತ್ತು ಆಗ.

ಬಿಟ್ಟರು. ಒಮ್ಮೆ ಕುಸಿಯಿತು. ಆಮೇಲೆ ಗಾಳಿ ಅದನ್ನು ಅಂಗೈಯಲ್ಲಿ ಎತ್ತಿದಂತೆ ಎತ್ತಿತು. ನಮ್ಮ ತಲೆಯ ಮಟ್ಟಕ್ಕೆ ಬಂತು, ಮೇಲೆ ಹೋಯಿತು. ಇವರು ಗುಂಡಿ ಒತ್ತಿದರು, ಬಲಕ್ಕೆ ಹೊರಳಿತು. ಮತ್ತೆ ಒತ್ತಿದರು, ಎಡಕ್ಕೆ. ಅಯ್ಯೋ ನನ್ನವ್ವ, ನಿಜಕ್ಕೂ ಮಾತು ಕೇಳುತ್ತಿತ್ತು! ಅತ್ತೆ ಕೈಮುಗಿದರು. ನಾನು ಅದನ್ನು ನೋಡುವುದು ಬಿಟ್ಟು ಇವರನ್ನೇ ನೋಡಿದೆ. ಮುಖ ಮದುವೆಯ ದಿನದ ಹಾಗಿತ್ತು. ನಾಳೆಯಿಂದ ಅಂಗಡಿ, ನಾಳೆಯಿಂದ ಮನೆ ಎಂದು ನನ್ನ ಮನಸ್ಸು ಆಗಲೇ ಸಂಸಾರ ಹೂಡಿಬಿಟ್ಟಿತ್ತು.

"ಸಾಕ್ರಿ, ಕರೀರಿ ಇನ್ನ" ಎಂದೆ.

"ಹೂಂ, ಕರೀತೀನಿ" ಎಂದು ಗುಂಡಿ ಒತ್ತಿದರು. ಅದು ಹೊರಳಲಿಲ್ಲ. ಮತ್ತೆ ಒತ್ತಿದರು. ನೇರ ಹೋಗುತ್ತಲೇ ಇತ್ತು. ಗುಡ್ಡದ ತಣ್ಣನೆಯ ಗಾಳಿಗೆ ಒಲೆಯ ಬಿಸಿ ಆರಿತ್ತು. ಬಿಸಿಯ ಜೊತೆಗೆ ಸೆಲ್ಲಿನ ಕಸುವೂ ಹೋಗಿತ್ತು. ಇವರು ಒತ್ತುತ್ತಲೇ ಇದ್ದರು, ಹೆಬ್ಬೆರಳು ಬೆಳ್ಳಗಾಗುವ ತನಕ. ವಿಮಾನ ಗಾಳಿಗೆ ಬೆನ್ನು ಕೊಟ್ಟು ನಮ್ಮ ತಲೆಯ ಮೇಲಿಂದ ಹಾದು, ಊರು ದಾಟಿ, ಮೂಡಣ ದಿಕ್ಕಿಗೆ ಹೊರಟಿತು. ಕೆಳಗೆ ಓಣಿಗಳಲ್ಲಿ ಹೋ ಎಂದು ಕೂಗುವುದು ಕೇಳಿಸಿತು. ಆಮೇಲೆ ವಿಮಾನ ಮೋಡದ ಬಣ್ಣದಲ್ಲಿ ಬೆರೆತುಹೋಯಿತು. ಇವರು ಪೆಟ್ಟಿಗೆ ಹಿಡಿದುಕೊಂಡು ನಿಂತೇ ಇದ್ದರು.

"ಹೋಗ್ಲಿ ಬಿಡೋ, ಮತ್ತೊಂದ ಮಾಡಕಂಡ್ರ ಆತು" ಎಂದು ಅತ್ತೆ ಹೇಳಿದರು.

"ಇಲ್ಲವ್ವಾ. ಹುಡುಕ್ತೀನಿ" ಎಂದರು.

ಮರುದಿನ ಬುತ್ತಿ ಕಟ್ಟಿಸಿಕೊಂಡು ಹೋದರು. ಹಿಟ್ನಾಳದ ಕಡೆ ಹೊಲಹೊಲ ಅಲೆದು ಎರಡು ರಾತ್ರಿ ಬಿಟ್ಟು ಬಂದರು. ಸಿಗಲಿಲ್ಲ ಎಂದರು. ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಹೋದರು, ಗಂಗಾವತಿಯ ತನಕ. ಆಮೇಲೆ ಹುಲಿಹೈದರ. ಹೋಗುವುದು, ಬರುವುದು, ಕಾಲು ತೊಳೆಯುವುದು, ಮಲಗುವುದು. ನನ್ನ ಪಾಲಿಗೆ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಬುತ್ತಿಯ ಗಂಟು. ಚಟ್ನಿ ಕುಟ್ಟಿ ಡಬ್ಬಿಗೆ ತುಂಬಿಡುತ್ತಿದ್ದೆ, ಯಾವ ಬೆಳಿಗ್ಗೆ ಹೊರಡುತ್ತಾರೋ ಗೊತ್ತಿಲ್ಲವಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು, "ಏನವಾ, ನಿನ್ನ ಸವತಿ ಸಿಕ್ಕಳೇನ?" ಎಂದು ಚೇಷ್ಟೆ ಮಾಡುತ್ತಿದ್ದರು. "ಸಿಕ್ರ ನಿಮ್ಮನಿಗೇ ಕಳಸ್ತೀನಿ ಬಿಡವಾ" ಎನ್ನುತ್ತಿದ್ದೆ. ಕೊಡ ಹೊತ್ತು ಮನೆಗೆ ಬಂದು ಮತ್ತೆ ಗುರೆಳ್ಳು ಕುಟ್ಟಲು ಕೂಡುತ್ತಿದ್ದೆ.

ಆಮೇಲೆ ಕುಷ್ಟಗಿಗೆ ಹೊರಟರು. ಅಲ್ಲಿಂದ ತಾವರಗೇರಾ. ನಾನು ಸಾಲೆ ಕಲಿತವಳಲ್ಲ, ಆದರೂ ಗಾಳಿ ಯಾವ ಕಡೆಗೆ ಬೀಸಿತ್ತು ಅನ್ನುವುದು ಕಂಡವಳು.

"ವಿಮಾನ ಮೂಡಲಕ ಹೋತು. ನೀವು ಬಡಗಲಕ ಹೊಂಟೀರಲ್ರಿ?"

"ಗಾಳಿ ತಿರುಗಿರಬೇಕು" ಎಂದರು.

ಒಮ್ಮೆ ನಮ್ಮ ತವರಿಗೂ ಹೋದರು. ನಮ್ಮವ್ವ ಆಮೇಲೆ ಹೇಳಿ ಕಳಿಸಿದಳು: ಅಳಿಯ ಬಂದಿದ್ದ, ಉಂಡ, ಬೇವಿನ ಗಿಡದ ಕೆಳಗೆ ಸಂಜೆತನಕ ಮಲಗಿದ್ದ, ವಿಮಾನದ ಸುದ್ದಿಯನ್ನೇ ಎತ್ತಲಿಲ್ಲ, ಮೈಯಲ್ಲಿ ಹುಷಾರಿದೆಯೇ? ಅಂಗಡಿಯಲ್ಲಿ ಮಾವ ತಕ್ಕಡಿಯನ್ನು ಮೂಗಿನ ಹತ್ತಿರ ಹಿಡಿದು ತೂಗುತ್ತಿದ್ದರು. ಗಿರಾಕಿಗಳೇ ಮುಳ್ಳು ನೋಡಿ ಹೇಳುತ್ತಿದ್ದರು. ಮಳೆಗಾಲ ಹೋಯಿತು, ಚಳಿ ಬಂತು, ಜೋಳದ ಸುಗ್ಗಿಯೂ ಮುಗಿಯಿತು. ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ಕಸುವು ಬೇಕು. ನನ್ನಲ್ಲಿ ಅದೂ ಉಳಿದಿರಲಿಲ್ಲ. ಸಿಕ್ಕರೆ ಸಾಕಪ್ಪಾ, ರೆಕ್ಕೆ ಮುರಿದಿದ್ದರೂ ಸರಿ, ಸಿಕ್ಕು ಇವರು ಮನೆಗೆ ಬಂದರೆ ಸಾಕು ಅನ್ನುವುದೊಂದೇ ಉಳಿದಿತ್ತು.

ಬೇಸಿಗೆಯ ಒಂದು ಬೆಳಿಗ್ಗೆ ಹಿಟ್ನಾಳದ ಕಡೆಯ ಒಬ್ಬ ಹೆಂಗಸು ಬೆಣ್ಣೆ ಮಾರುತ್ತ ನಮ್ಮ ಬಾಗಿಲಿಗೆ ಬಂದಳು. ಇವರು ಒಳಗೆ ಸ್ನಾನಕ್ಕೆ ಹೋಗಿದ್ದರು. ಮತ್ತೆ ಹೊರಡುವ ದಿನ, ಬುತ್ತಿ ಕಟ್ಟಿಟ್ಟಿದ್ದೆ. ಬೆಣ್ಣೆ ತೂಗುವಾಗ ಅವಳು ಪಡಸಾಲೆಯ ಗೂಟಕ್ಕೆ ನೇತುಹಾಕಿದ್ದ ಇವರ ಖಾಕಿ ಅಂಗಿ ನೋಡಿ ಕೇಳಿದಳು.

"ಅಕ್ಕಾರ, ಪಟದ ಅಣ್ಣಾರ ಮನಿ ಇದ ಏನ್ರಿ?"

"ಹೌದವಾ. ನಿನಗ ಹೆಂಗ ಗೊತ್ತು?"

"ಗೊತ್ತಿರಲಾರದ ಏನ್ರಿ! ನಮ್ಮ ಹೊಲದಾಗ ಬಿದ್ದಿತ್ತಲ್ರಿ ಅದು. ಹೋದ ವರ್ಷ ಅಣ್ಣಾರು ಹುಡುಕ್ಯಾಡಕೋತ ಬಂದಾಗ ನಮ್ಮಾವ್ರ ತೋರಿಸಿದ್ರು. ಒಂದು ರೆಕ್ಕಿ ಅಷ್ಟ ಮುರದಿತ್ರಿ. ಒಯ್ರಿ ಅಂದ್ವಿ. ಇಲ್ಲೇ ಇರ್ಲಿ ಅಂದ್ರು. ಅಟ್ಟದ ಮ್ಯಾಲ ಇಟ್ಟೀವಿ ನೋಡ್ರಿ. ಯಾವಾಗರ ಒಮ್ಮೆ ಬರ್ತಾರ, ನೋಡತಾರ, ಮಜ್ಜಿಗಿ ಕುಡದು ಹೊಕ್ಕಾರ. ಹುಣಸಿ ಸರಿ ವಾಸನಿಗೆ ಇಲಿ ಕಡ್ಯಾಕ ಹತ್ಯಾವ್ರಿ, ಒಂದೀಟ ಹೇಳ್ರಿ ಅಣ್ಣಾರಿಗೆ."

ಹೋದ ವರ್ಷ. ಅಂದರೆ ಮೊದಲ ಸಲ ಹೋದಾಗಲೇ ಸಿಕ್ಕಿತ್ತು. ಗಂಗಾವತಿಯೂ ಸುಳ್ಳು, ಹುಲಿಹೈದರವೂ ಸುಳ್ಳು. ಅವಳನ್ನು ಕಳಿಸಿ, ಬೆಣ್ಣೆಯ ಗಡಿಗೆ ಒಳಗಿಟ್ಟು ಬಂದು ನಾನು ಹೊಸ್ತಿಲಲ್ಲಿ ಕೂತೆ. ಇವರು ಅಂಗಿ ತೊಟ್ಟು, ಬುತ್ತಿ ಹೆಗಲಿಗೆ ಹಾಕಿಕೊಂಡು ಬಂದು ಚಪ್ಪಲಿ ಮೆಟ್ಟುತ್ತಿದ್ದರು.

"ವಿಮಾನ ಸಿಕ್ಕೈತಂತಲ್ರಿ" ಎಂದೆ.

ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು. ಹಾಗೆಯೇ ನಿಂತರು. ಯಾರು ಹೇಳಿದರು ಎಂದು ಕೇಳಲಿಲ್ಲ.

"ಹೌದು, ಸಿಕ್ಕೈತಿ."

"ಮತ್ತ ಎಲ್ಲಿಗಿ ಹೋಗ್ತಿದ್ರಿ? ಏನ ಹುಡುಕಾಕ ಹೋಗ್ತಿದ್ರಿ? ಮಾವಗ ಕಣ್ಣು ಕಾಣವಲ್ದು. ನಾ ದಿನಾ ಬಾಗಲಾ ನೋಡಕೋತ ಕುಂತೀನಿ. ಸಿಕ್ಕ ಮ್ಯಾಲ ಎಲ್ಲೂ ಹೋಗಂಗಿಲ್ಲ ಅಂದಿದ್ರಲ್ರಿ!"

"ಸಿಕ್ಕ ಮ್ಯಾಲ ಅಂದಿದ್ದಿಲ್ಲ. ತಿರುಗಿ ಬಂದ್ರ ಅಂದಿದ್ದೆ" ಎಂದರು. ದನಿಯಲ್ಲಿ ಜಗಳವಿರಲಿಲ್ಲ. "ಅದು ಬರಲಿಲ್ಲ. ನಾ ಹೊತಗೊಂಡು ಬಂದ್ರ ಅದು ಬಂದಂಗ ಏನ?"

ಇವರು ಗೋಡೆಗೆ ಕೈ ಊರಿ, ನಾನು ಎಂದೂ ಕೇಳದಿದ್ದ ಸಂಗತಿ ಹೇಳಿದರು. ಬರ್ಮಾದ ಅಡವಿಯಲ್ಲಿ ಇವರ ತುಕಡಿಯವರು ಚದುರಿಹೋದರಂತೆ. ಯಂತ್ರದ ಮುಂದೆ ಕೂತು ಇವರು ಕರೆದೇ ಕರೆದರಂತೆ, ಆ ಕಡೆಯಿಂದ ಒಬ್ಬನೂ ಓ ಅನ್ನಲಿಲ್ಲ. ಜ್ವರ ಬಂದು ಬಿದ್ದ ಇವರನ್ನು ಯಾರೋ ಡೋಲಿಯಲ್ಲಿ ಹಾಕಿಕೊಂಡು ಹೊತ್ತು ತಂದರು. ಯಾರು, ಯಾವ ದಾರಿ, ಒಂದೂ ನೆನಪಿಲ್ಲ.

"ನನ್ನ ಹೊತಗೊಂಡು ಬಂದಾರ, ಅಷ್ಟ. ನಾ ಇನ್ನೂ ಬಂದಿಲ್ಲ" ಎಂದರು.

ಬೇರೆ ಯಾರಾದರೂ ಆಗಿದ್ದರೆ ಆ ಮಾತಿಗೆ ಕರಗುತ್ತಿದ್ದರೇನೋ. ನನಗೆ ಒಂದು ವರ್ಷದ ಸಿಟ್ಟು ಒಟ್ಟಿಗೇ ಬಂತು. ಅತ್ತೆ ಒಳಗಿದ್ದಾರೆ, ಓಣಿಯವರು ಕೇಳುತ್ತಾರೆ ಅನ್ನುವುದೂ ಮರೆತು ಕೂಗಿಬಿಟ್ಟೆ.

"ಹಂಗಾರ ನಾ ಇಷ್ಟ ದಿನಾ ಯಾರಿಗಿ ರೊಟ್ಟಿ ಬಡದೀನ್ರಿ?"

ಇವರು ನನ್ನ ಮುಖವನ್ನೇ ನೋಡಿದರು. ಹೆಗಲ ಮೇಲಿನ ಬುತ್ತಿ ಕೆಳಗಿಳಿಸಿದರು. ಆಮೇಲೆ ಹೇಳಿದರು.

"ಯಾರಿಗಂತ ನನಗೂ ತಿಳೀವಲ್ದು. ಉಂಡಾಂವ ಮಾತ್ರ ನಾನ ಅದೀನಿ."

ನನಗೆ ಅಳು ತಡೆಯಲಾಗಲಿಲ್ಲ. ಮಂಡಿಯ ಮೇಲೆ ಮುಖ ಇಟ್ಟು ಬಿಕ್ಕಿದೆ. ಇವರು ಹೋಗಲಿಲ್ಲ. ಹಾಕಿದ್ದ ಒಂದು ಚಪ್ಪಲಿಯನ್ನೂ ಬಿಟ್ಟು ಹೊಸ್ತಿಲಲ್ಲಿ ನನ್ನ ಪಕ್ಕದಲ್ಲೇ ಕೂತರು. ಅಂಗಡಿಯ ಗದ್ದಿಗೆಯ ಮೇಲೆ ಅವರು ಕೂಡಲು ಇನ್ನೂ ಎಷ್ಟೋ ದಿನ ಹಿಡಿಯಿತು. ಅಷ್ಟರಲ್ಲಿ ನಿಜಾಮರ ಸರಕಾರ ಬೀಳುವ ಹೊತ್ತಿನ ಗಲಾಟೆಯ ದಿನಗಳೂ ಬಂದು ಹೋದವು. ಅವತ್ತು ಆದದ್ದು ಇಷ್ಟೇ: ದಾರಿಗೆಂದು ಕಟ್ಟಿದ್ದ ಬುತ್ತಿಯನ್ನು ಅಲ್ಲಿಯೇ ಬಿಚ್ಚಿ, ರೊಟ್ಟಿ ಮುರಿದು, ಬದನೆಕಾಯಿ ಪಲ್ಯ ಹಚ್ಚಿಕೊಂಡು ಉಂಡರು. ನಾನು ಅಳುತ್ತಲೇ ಇದ್ದೆ. ಎರಡನೆಯ ತುತ್ತಿಗೆ ಮುಖ ಕಿವುಚಿ, "ಇದೇನ, ಪಲ್ಯಾಕ ಇಷ್ಟ ಉಪ್ಪ ಸುರದೀ?" ಎಂದರು. ಯುದ್ಧದಿಂದ ಬಂದ ಮೇಲೆ ನನ್ನ ಅಡುಗೆಗೆ ಅವರು ಹೆಸರಿಟ್ಟದ್ದು ಅದೇ ಮೊದಲು.